ಹಾಸ್ಯನಟನೂ ವೃತ್ತಪತ್ರಿಕೆಗಳೂ

೧

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸಗಳನ್ನು ಎಣಿಸುವಾಗ ಶೃಂಗಾರದ ಬೆನ್ನಿಗೇ ಹಾಸ್ಯವನ್ನು ನಿಲ್ಲಿಸಿದನು. ಕರುಣವೂ ವೀರವೂ ಅದರ ಹಿಂದೆ ಬಂದುವು. ಎಂಟು ಜನ ಕುಳಿತ ಪಂಕ್ತಿಯಲ್ಲಿ ಎರಡನೆಯ ಎಲೆಯೇ ಹಾಸ್ಯದ್ದು. ಆದರೆ ಕನ್ನಡದ ವೃತ್ತಪತ್ರಿಕೆಗಳ ಚಲಚ್ಚಿತ್ರದ ಪುಟವನ್ನು ತೆರೆದು ನೋಡಿದವರಿಗೆ ಈ ಕ್ರಮವು ತಲೆಕೆಳಗಾಗಿರುವುದು ಕಾಣದಿರದು. ಅಲ್ಲಿ ಮೊದಲ ಎಲೆ ನಾಯಕನಿಗೆ, ಎರಡನೆಯದು ನಾಯಿಕೆಗೆ, ಖಳನಿಗೂ ಒಂದು ಮೂಲೆ ಉಂಟು. ಹಾಸ್ಯನಟನು ಮಾತ್ರ ಕಡೆಯ ಪಂಕ್ತಿಯವನು, ಬಡಿಸುವವರ ಪಾತ್ರೆಯಲ್ಲಿ ಏನಾದರೂ ಉಳಿದಿದ್ದರೆ ಉಣ್ಣತಕ್ಕವನು.

ಸ್ಥಳವು ಕಿರಿದಾದುದಕ್ಕೆ ಯಾರೂ ಚಿಂತಿಸಬೇಕಾಗಿರಲಿಲ್ಲ. ಕಿರಿದಾದ ಸ್ಥಳದಲ್ಲಿಯೂ ಸಾರವತ್ತಾದ ಮಾತನ್ನು ಹೇಳಬಹುದು. ಆಕ್ಷೇಪವಿರುವುದು ಬರೆದ ಮಾತಿನ ಮೇಲೆಯೇ. ಹಾಸ್ಯನಟನ ವಿಷಯದಲ್ಲಿ ಪತ್ರಿಕೆಗಳಿಗೆ ಗೊತ್ತಿರುವುದು ಮೂರೇ ಪಾಠಗಳು: ಅವನು ಮೆರೆಯುತ್ತಿರುವಾಗ ಅವನ ದೇಹ, ಮುಪ್ಪೋ ಬಡತನವೋ ಬಂದಾಗ ಅವನ ದುಃಖ, ಕಡೆಗೆ ಅವನ ದೇಹಾಂತ. ದೇಹ, ದುಃಖ, ದೇಹಾಂತ — ಈ ಮೂರರ ನಡುವೆ ವಿದ್ಯೆಯೆಂಬುದೊಂದು ಅವನಲ್ಲಿ ಇತ್ತು, ಅದನ್ನು ಅವನು ಕಷ್ಟಪಟ್ಟು ಕಲಿತಿದ್ದನು, ಅದಕ್ಕೆ ನಿಯಮಗಳಿದ್ದುವು, ಗುರುಪರಂಪರೆಯಿತ್ತು ಎಂಬ ಸಂಗತಿಯು ಅಚ್ಚಿನ ಮೊಳೆಗೆ ಏರಿದುದು ಅತಿ ವಿರಳ. ಹಾಸ್ಯನಟನನ್ನು ಪತ್ರಿಕೆಗಳು ಹೊಗಳಲಿಲ್ಲವೆಂದು ಯಾರೂ ದೂರುವಂತಿಲ್ಲ. ಹೊಗಳುತ್ತ ಹೊಗಳುತ್ತಲೇ ಅವನ ವಿದ್ಯೆಯನ್ನು ಮರೆವಿಗೆ ತಳ್ಳಿದುವೆಂಬುದೇ ಈ ಲೇಖನದ ದೂರು.

ಆಲ್ದೂರಿನಂತಹ ಊರಿನಲ್ಲಿ ಕುಳಿತು ಪತ್ರಿಕೆ ಓದುವ ಅಭಿಮಾನಿಗೆ ಈ ಕೊರತೆಯು ಪಟ್ಟಣದವನಿಗಿಂತ ಹೆಚ್ಚಾಗಿ ತಟ್ಟುವುದು. ಅದಕ್ಕೆ ಕಾರಣವುಂಟು. ಕಾಫಿ ತೋಟಗಳ ನಡುವಿನ ಈ ಸೀಮೆಗೆ ಚಿತ್ರಗಳು ಬರುತ್ತಿದ್ದುದು ತಡವಾಗಿ, ಹೋಗುತ್ತಿದ್ದುದು ಬೇಗನೆ. ಮುಂಗಾರು ಹಿಡಿದರೆ ಡೇರೆ ಸಿನಿಮಾ ನಿಲ್ಲುವಂತಿರಲಿಲ್ಲ. ಕೊಯ್ಲಿನ ಕಾಲದಲ್ಲಿ ಬಟವಾಡೆಯಾದ ಮೇಲೆ ಮಾತ್ರ ತೋಟದ ಆಳುಗಳ ಕೈಯಲ್ಲಿ ಕಾಸು ಆಡುತ್ತಿತ್ತು. ಒಮ್ಮೆ ಕಂಡ ಚಿತ್ರವನ್ನು ಎರಡನೆಯ ಸಲ ಕಾಣುವ ಭಾಗ್ಯವು ಎಲ್ಲರಿಗೂ ಇರಲಿಲ್ಲ. ಕಂಡುದನ್ನು ನೆನೆಯಲು, ನೆನೆದುದನ್ನು ತೂಗಿ ನೋಡಲು ಅಭಿಮಾನಿಗಿದ್ದ ಆಧಾರವು ಬಸ್ಸಿನ ಮೇಲೆ ಬರುತ್ತಿದ್ದ ಪತ್ರಿಕೆಯ ಕಟ್ಟು. ಆ ಕಟ್ಟನ್ನು ಬಿಚ್ಚಿ ತನ್ನ ಮೆಚ್ಚಿನ ನಟನ ಹೆಸರನ್ನು ಹುಡುಕಿದವನಿಗೆ ಸಿಕ್ಕಿದುದೇನು ಎಂಬುದನ್ನು ಈಗ ವಿಚಾರಿಸತಕ್ಕದ್ದು.

೨

ಮೊದಲ ನಿದರ್ಶನವಾಗಿ ತಿಪಟೂರಿನ ಟಿ. ಆರ್. ನರಸಿಂಹರಾಜು ಅವರನ್ನು ತೆಗೆದುಕೊಳ್ಳೋಣ. ಬಾಲ್ಯದಲ್ಲಿಯೇ ವೃತ್ತಿನಾಟಕ ಕಂಪನಿಗಳನ್ನು ಸೇರಿ ಬಣ್ಣ ಹಚ್ಚಿದವರು ಇವರು. ೧೯೫೪ರಲ್ಲಿ ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದಲ್ಲಿ ಹೊರಬಂದ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರ್ ಅವರು ನಾಯಕರಾಗಿ ಪ್ರಸಿದ್ಧಿಗೆ ಬಂದರೆಂಬುದು ಮಕ್ಕಳಿಗೂ ಗೊತ್ತು, ಅದೇ ಚಿತ್ರದಿಂದಲೇ ನರಸಿಂಹರಾಜು ಅವರೂ ಬೆಳ್ಳಿತೆರೆಗೆ ಬಂದರೆಂಬುದು ಅಷ್ಟು ಮಂದಿಗೆ ಗೊತ್ತಿಲ್ಲ. ಅಲ್ಲಿಂದ ೧೯೭೯ರಲ್ಲಿ ಕಾಲವಾಗುವವರೆಗಿನ ಇಪ್ಪತ್ತೈದು ವರ್ಷಗಳಲ್ಲಿ ಅವರು ನಟಿಸಿದ ಚಿತ್ರಗಳು ೨೫೦ಕ್ಕೂ ಹೆಚ್ಚು. ವರ್ಷಕ್ಕೆ ಹತ್ತರ ಲೆಕ್ಕ. ನಾಯಕರು ಬದಲಾದರು, ನಿರ್ದೇಶಕರು ಬದಲಾದರು, ಕಥೆಯು ಪುರಾಣದಿಂದ ಇತಿಹಾಸಕ್ಕೂ ಇತಿಹಾಸದಿಂದ ಸಂಸಾರಕ್ಕೂ ಹೊರಳಿತು. ನರಸಿಂಹರಾಜು ಅವರ ಪಾತ್ರವಿಲ್ಲದೆ ಚಿತ್ರ ಓಡಲಾರದೆಂಬ ನಂಬಿಕೆ ಮಾತ್ರ ಬದಲಾಗಲಿಲ್ಲ.

ಕನ್ನಡ ಚಿತ್ರೋದ್ಯಮವು ಕೆಲಸವಿಲ್ಲದೆ ಸೊರಗಿದ್ದ ಕಾಲದಲ್ಲಿ ಕಲಾವಿದರೇ ಕೂಡಿ ಒಂದು ಸಂಘವನ್ನು ಕಟ್ಟಿ ಚಿತ್ರ ತೆಗೆದರು. ಅದು ೧೯೬೦ರಲ್ಲಿ ಬಂದ ‘ರಣಧೀರ ಕಂಠೀರವ’. ಆ ಸಾಹಸಕ್ಕೆ ಹೆಗಲು ಕೊಟ್ಟ ನಾಲ್ವರು ರಾಜಕುಮಾರ್, ಜಿ. ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು. ನಾಲ್ವರಲ್ಲಿ ಇಬ್ಬರು ನಗೆಯ ಪಾತ್ರಗಳಿಗೆ ಹೆಸರಾದವರು. ಉದ್ಯಮದ ಮನೆಗೆ ಬುನಾದಿಯ ಕಲ್ಲಿಟ್ಟವರಲ್ಲಿ ಅರ್ಧಪಾಲು ಇವರದು. ಗೃಹಪ್ರವೇಶದ ವರದಿಯಲ್ಲಿ ಮಾತ್ರ ಇವರ ಹೆಸರು ಅಡುಗೆಯವರ ಹೆಸರಿನಂತೆ ಕೊನೆಗೆ ಬರುವುದು.

ಪತ್ರಿಕೆಗಳು ಇವರಿಗೆ ‘ಹಾಸ್ಯ ಚಕ್ರವರ್ತಿ’ ಎಂಬ ಬಿರುದನ್ನು ಧಾರಾಳವಾಗಿ ಹಚ್ಚಿದುವು. ಚಕ್ರವರ್ತಿಯೆಂದ ಮೇಲೆ ಅವನ ರಾಜ್ಯ ಯಾವುದು, ಗಡಿ ಎಲ್ಲಿಯದು, ಗೆದ್ದುದು ಹೇಗೆ ಎಂದು ಹೇಳಬೇಕಾದುದು ಬಿರುದು ಕೊಟ್ಟವರ ಕರ್ತವ್ಯವಲ್ಲವೆ? ಅದನ್ನು ಹೇಳಲಿಲ್ಲ. ವಿಮರ್ಶೆಯ ಕೊನೆಯ ಸಾಲಿನಲ್ಲಿ, ಛಾಯಾಗ್ರಹಣ ಚೆನ್ನಾಗಿದೆ, ಸಂಗೀತ ಇಂಪಾಗಿದೆ ಎಂಬ ಮಾತುಗಳ ಮಧ್ಯದಲ್ಲಿ, ನರಸಿಂಹರಾಜು ನಗಿಸುತ್ತಾರೆ ಎಂದು ಬರೆದು ಮುಗಿಸುವುದು ವಾಡಿಕೆಯಾಯಿತು. ನೀರು ತಣ್ಣಗಿದೆ, ಬೆಂಕಿ ಸುಡುತ್ತದೆ ಎಂದು ಬರೆದಂತೆ ಇದು. ಹೇಗೆ ನಗಿಸಿದರೆಂಬುದಲ್ಲವೆ ವಿಮರ್ಶೆ?

‘ಸತ್ಯ ಹರಿಶ್ಚಂದ್ರ’ದ ನಕ್ಷತ್ರಿಕನನ್ನು ನೋಡಬಹುದು. ೧೯೬೫ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ಈ ಚಿತ್ರದಲ್ಲಿ ಆ ಪಾತ್ರ ನರಸಿಂಹರಾಜು ಅವರದು. ರಾಘವಾಂಕನ ಕಾವ್ಯವನ್ನು ಗಮಕಿಗಳ ಬಾಯಿಂದ ಕೇಳಿದ ಮನೆಗಳಿಗೆ ನಕ್ಷತ್ರಿಕನ ಪರಿಚಯ ಹೇಳಬೇಕಾದುದಿಲ್ಲ. ಸಾಲದ ವಸೂಲಿಗಾಗಿ ವಿಶ್ವಾಮಿತ್ರನು ಹರಿಶ್ಚಂದ್ರನ ಬೆನ್ನಿಗೆ ಕಟ್ಟಿದ ಪೀಡೆ ಅವನು. ಅವನು ಬರಿಯ ಕ್ರೂರಿಯಾದರೆ ನೋಟಕನು ಸಹಿಸನು. ಬರಿಯ ಕೋಡಂಗಿಯಾದರೆ ರಾಜನ ಸಂಕಟವು ಹಗುರಾಗಿ ಹೋಗುವುದು. ನಗು ಬರಬೇಕು, ಬಂದ ಮರುಕ್ಷಣದಲ್ಲಿಯೇ ನಕ್ಕುದಕ್ಕೆ ನಾಚಿಕೆಯೂ ಆಗಬೇಕು. ಹಾಸ್ಯದ ತಕ್ಕಡಿಯಲ್ಲಿ ಕರುಣವನ್ನು ತೂಗುವ ಇಂತಹ ಕೆಲಸವು ಎಷ್ಟು ಸೂಕ್ಷ್ಮವೆಂಬುದನ್ನು ರಂಗವನ್ನು ಬಲ್ಲವರು ಬಲ್ಲರು. ಈ ಚಿತ್ರಕ್ಕೆ ೨೦೦೮ರಲ್ಲಿ ಬಣ್ಣ ತುಂಬಿ ಮತ್ತೆ ತೆರೆಗೆ ತಂದರು. ಆಗ ಬಣ್ಣದ ಯಂತ್ರವಿದ್ಯೆಯ ವಿಷಯವಾಗಿ ಓದುಗರಿಗೆ ಬೇಕಾದಷ್ಟು ತಿಳಿಯಿತು. ನಕ್ಷತ್ರಿಕನ ನಗೆಯ ತೂಕದ ವಿಷಯವಾಗಿಯೂ ಎರಡು ಮಾತು ಬರೆಯಲು ಅದು ಸುಸಮಯವಾಗಿತ್ತು. ಸಮಯವು ಬಂತು, ಹೋಯಿತು.

೩

ಇನ್ನು ದೇಹದ ಮಾತು. ನರಸಿಂಹರಾಜು ಅವರ ವಿಷಯವಾಗಿ ಯಾವ ಲೇಖನವನ್ನಾದರೂ ತೆಗೆಯಿರಿ. ಎರಡನೆಯ ವಾಕ್ಯದೊಳಗೆ ಅವರ ಉಬ್ಬುಹಲ್ಲು ಬಂದಿಲ್ಲದಿದ್ದರೆ ಅದು ಆಶ್ಚರ್ಯ. ಮೂರನೆಯದರಲ್ಲಿ ಸಣಕಲು ಮೈ. ದ್ವಾರಕೀಶ್ ಅವರಾದರೆ ಎತ್ತರ, ಮತ್ತೊಬ್ಬರಾದರೆ ತೂಕ, ಇನ್ನೊಬ್ಬರಾದರೆ ಬೋಳುತಲೆ. ಹೀಗೆ ಅಂಗಾಂಗಗಳ ಪಟ್ಟಿಯನ್ನು ಒದಗಿಸಿ ಲೇಖಕನು ಕೃತಾರ್ಥನಾಗುವನು.

ಇದನ್ನು ಸಮರ್ಥಿಸುವವರಿಗೆ ಶಾಸ್ತ್ರದಲ್ಲಿಯೇ ಆಧಾರ ಸಿಕ್ಕೀತು. ವಿದೂಷಕನು ಹೇಗಿರಬೇಕೆಂದು ಹೇಳುವಾಗ ಭರತನು ಕುಳ್ಳನನ್ನೂ, ಹಲ್ಲು ಮುಂದೆ ಬಂದವನನ್ನೂ, ಗೂನನನ್ನೂ, ಬೋಳುತಲೆಯವನನ್ನೂ, ಕಂದುಬಣ್ಣದ ಕಣ್ಣಿನವನನ್ನೂ ಹೆಸರಿಸಿಯೇ ಇದ್ದಾನೆ. ವಾಮನನೆಂದೂ ದಂತುರನೆಂದೂ ಎರಡು ಪದಗಳು ಅಲ್ಲಿ ಒಂದರ ಪಕ್ಕದಲ್ಲೊಂದು ಕುಳಿತಿರುವುದನ್ನು ಕಂಡರೆ, ದ್ವಾರಕೀಶರನ್ನೂ ನರಸಿಂಹರಾಜರನ್ನೂ ಕಣ್ಣಾರೆ ಕಂಡು ಬರೆದನೋ ಎಂಬಂತಿದೆ. ಆದರೆ ಭರತನು ಅಲ್ಲಿಗೇ ನಿಲ್ಲಲಿಲ್ಲ. ಪತ್ರಿಕೆಗಳು ಅಲ್ಲಿಗೇ ನಿಂತುವು. ವ್ಯತ್ಯಾಸವಿರುವುದು ಇಲ್ಲಿಯೇ. ವಿಕಾರವಾದ ವೇಷವೂ ಅಂಗವೂ ಹಾಸ್ಯಕ್ಕೆ ವಿಭಾವ, ಎಂದರೆ ಕಾರಣಸಾಮಗ್ರಿ ಮಾತ್ರ. ಸಾಮಗ್ರಿಯು ರಸವಲ್ಲ. ಅಕ್ಕಿಬೇಳೆಯನ್ನು ಮುಂದಿಟ್ಟು ಊಟವಾಯಿತೆಂದು ಯಾರೂ ಹೇಳರು. ಹಲ್ಲು ಉಬ್ಬಿದವರು ಊರಿಗೆ ಹತ್ತು ಮಂದಿ ಇರುವರು. ಅವರೆಲ್ಲರೂ ನರಸಿಂಹರಾಜು ಏಕಾಗಲಿಲ್ಲ?

ಇನ್ನೊಂದು ಸ್ವಾರಸ್ಯವನ್ನು ಗಮನಿಸಬೇಕು. ಭರತನು ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರಾಗಿ ವಿಂಗಡಿಸಿ, ಎರಡೆರಡನ್ನು ಉತ್ತಮ ಮಧ್ಯಮ ಅಧಮ ಪ್ರಕೃತಿಗಳಿಗೆ ಹಂಚಿದನು. ಅವುಗಳಲ್ಲಿ ಶ್ರೇಷ್ಠವಾದ ಸ್ಮಿತದ ಲಕ್ಷಣವೇ ಹಲ್ಲು ಕಾಣಿಸದಿರುವುದು. ಹಸಿತದಲ್ಲಿ ಸ್ವಲ್ಪವೇ ಕಾಣಿಸುವುದು. ಹಾಗಾದರೆ ಬಾಯಿ ಮುಚ್ಚಿದರೂ ಹಲ್ಲು ಮುಚ್ಚದಂತಹ ಮುಖವುಳ್ಳ ನಟನು ಸ್ಮಿತವನ್ನು ಅಭಿನಯಿಸುವುದೆಂತು? ಕಣ್ಣಿನಿಂದ, ಹುಬ್ಬಿನಿಂದ, ಮಾತಿನ ನಡುವೆ ತಾಳಿದ ಅರೆಕ್ಷಣದ ಮೌನದಿಂದ. ನರಸಿಂಹರಾಜು ಅವರ ಚಿತ್ರಗಳನ್ನು ಈಗಲೂ ನೋಡುವ ಅನುಕೂಲವಿರುವವರು ಹಲ್ಲನ್ನು ಬಿಟ್ಟು ಅವರ ಕಣ್ಣನ್ನು ನೋಡಲಿ. ಎದುರಿನವನು ಗದರಿದಾಗ ಆ ಕಣ್ಣು ಮೊದಲು ಅಂಜುವುದು, ಆಮೇಲೆ ಲೆಕ್ಕ ಹಾಕುವುದು, ಕಡೆಗೆ ಒಂದು ಉಪಾಯ ಹೊಳೆದು ಬೆಳಗುವುದು. ನಾಲಗೆ ಮಾತಾಡುವುದು ಇದೆಲ್ಲ ಆದ ಬಳಿಕ. ತಾನು ಹಾಸ್ಯಾಸ್ಪದನೆಂಬ ಅರಿವು ಆ ಪಾತ್ರಕ್ಕೆ ಇರುವುದಿಲ್ಲ. ಪಾತ್ರವು ತನ್ನ ಮಟ್ಟಿಗೆ ಬಹು ಗಂಭೀರವಾಗಿಯೇ ವ್ಯವಹರಿಸುತ್ತಿರುವುದು. ತಾನೇ ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ ಎಂದು ಶಾಸ್ತ್ರವು ಬೇರ್ಪಡಿಸಿದ ಮರ್ಮವು ಇಲ್ಲಿ ಕಣ್ಣಿಗೆ ಕಟ್ಟುವುದು.

ಅಭಿನವಗುಪ್ತನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ರಸವಾದರೂ ಅನುಚಿತವಾಗಿ ತೋರಿ ಆಭಾಸವಾದಾಗ ಹಾಸ್ಯವು ಹುಟ್ಟುವುದೆಂದನು. ಹೇಡಿಯು ಶೂರನಂತೆ ಕತ್ತಿ ಹಿಡಿದರೆ ವೀರಾಭಾಸ. ದಡ್ಡನು ಪಂಡಿತನಂತೆ ಬೋಧಿಸಿದರೆ ಶಾಂತಾಭಾಸ. ನಾಯಕನ ಪಕ್ಕದಲ್ಲಿ ಹಾಸ್ಯನಟನು ನಿಂತಿರುವುದು ಇದಕ್ಕಾಗಿಯೇ. ಅವನ ಪುಕ್ಕಲುತನದ ಅಳತೆಗೋಲಿಲ್ಲದಿದ್ದರೆ ನಾಯಕನ ಪರಾಕ್ರಮದ ಎತ್ತರವು ನೋಟಕನಿಗೆ ತಿಳಿಯುವುದು ಹೇಗೆ? ಇಂತಹ ನಟನ ವಿಷಯದಲ್ಲಿ ಹಲ್ಲಿನ ವರ್ಣನೆಯಿಂದ ತೃಪ್ತರಾಗುವವರು ವೀಣೆಯನ್ನು ಕೇಳಿ ಬಂದು ಸೋರೆಬುರುಡೆಯ ಸುತ್ತಳತೆಯನ್ನು ವರದಿ ಮಾಡುವವರಂತೆ.

ಹೋಲಿಕೆಯ ಚಪಲವೂ ಈ ಕುರುಡಿನದೇ ಇನ್ನೊಂದು ಮುಖ. ನರಸಿಂಹರಾಜು ಅವರನ್ನು ಕನ್ನಡದ ಚಾರ್ಲಿ ಚಾಪ್ಲಿನ್ ಎಂದು ಬರೆಯುವುದು ಒಂದು ಗೌರವವೆಂದೇ ಭಾವನೆ. ಚಾಪ್ಲಿನ್ ಮೂಕಚಿತ್ರದಲ್ಲಿ ಬೆಳೆದವನು. ತಾನೇ ಕಥೆ ಬರೆದು, ತಾನೇ ನಿರ್ದೇಶಿಸಿ, ತಿಂಗಳುಗಟ್ಟಲೆ ಒಂದೇ ದೃಶ್ಯವನ್ನು ತಿದ್ದಿದವನು. ನರಸಿಂಹರಾಜು ಕಂಪನಿ ನಾಟಕದ ಮಾತಿನಲ್ಲಿ ಬೆಳೆದವರು; ಇನ್ನೊಬ್ಬರು ಬರೆದ ಪಾತ್ರದಲ್ಲಿ, ಇನ್ನೊಬ್ಬರು ಕೊಟ್ಟ ಹೊತ್ತಿನಲ್ಲಿ, ನಾಯಕನ ಕಥೆಗೆ ಭಂಗ ಬಾರದಂತೆ ನಗೆಯನ್ನು ಹೊಂದಿಸಬೇಕಾದವರು. ಧ್ವನಿವರ್ಧಕವಿಲ್ಲದ ರಂಗದಲ್ಲಿ ಹಿಂದಿನ ಬೆಂಚಿನವನಿಗೆ ಕೇಳುವಂತೆ ಮಾತೆಸೆದು ಕಲಿತ ಕಂಠವನ್ನು, ಮೂಗಿನ ಮುಂದೆಯೇ ತೂಗುವ ಯಂತ್ರಕ್ಕೆ ತಕ್ಕಂತೆ ಅವರು ಅಳವಡಿಸಿಕೊಂಡ ಬಗೆ ಯಾವುದು? ಚಾಪ್ಲಿನ್ನನ ಹೆಸರು ತೆಗೆದೊಡನೆ ಈ ಪ್ರಶ್ನೆಯನ್ನು ಕೇಳುವ ಗರಜೇ ಇಲ್ಲವಾಯಿತು. ಪರದೇಶದ ಕನ್ನಡಿಯೊಂದನ್ನು ಹಿಡಿದು ಮನೆಯವನ ಮುಖವನ್ನು ಮರೆಸುವ ಉಪಾಯವಿದು.

೪

ದೇಹದ ಬಳಿಕ ದುಃಖ. ನಗಿಸುವವನ ಹಿಂದೆ ನೋವಿನ ಕಥೆ — ಈ ತಲೆಬರಹವನ್ನು ಕಾಣದ ಓದುಗನು ಕನ್ನಡ ನಾಡಿನಲ್ಲಿ ಇರಲಾರನು. ಹಾಸ್ಯನಟನಿಗೆ ನೋವಿದ್ದರೆ ಅದು ನೋವೇ. ಬರೆಯಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ವೈದ್ಯನಿಗೂ ವಕೀಲನಿಗೂ ಮನೆಯಲ್ಲಿ ನೋವಿರುವುದು. ಅವರ ವಿದ್ಯೆಯನ್ನು ಕುರಿತು ಬರೆಯುವಾಗ ಅದನ್ನು ಮೊದಲ ಪಂಕ್ತಿಯಲ್ಲಿ ಯಾರೂ ತರುವುದಿಲ್ಲ. ಹಾಸ್ಯನಟನು ಅಳುವವರೆಗೆ ಅವನು ಪೂರ್ಣಮನುಷ್ಯನಲ್ಲವೆಂಬ ಗುಪ್ತವಾದ ತೀರ್ಮಾನವು ಈ ತಲೆಬರಹದ ಒಳಗಿದೆ.

ಟಿ. ಎನ್. ಬಾಲಕೃಷ್ಣ ಅವರ ವಿಷಯವನ್ನು ನೋಡಿ. ಅರಸೀಕೆರೆಯ ಕಡೆಯವರು, ೧೯೪೩ರ ‘ರಾಧಾರಮಣ’ದಿಂದ ಚಿತ್ರಗಳಲ್ಲಿ ಕಾಣಿಸಿಕೊಂಡು, ೧೯೯೫ರಲ್ಲಿ ತೀರಿಕೊಳ್ಳುವವರೆಗೆ ಹಾಸ್ಯಕ್ಕೂ ಖಳತನಕ್ಕೂ ಒಂದೇ ಮುಖವನ್ನು ಒಗ್ಗಿಸಿದವರು. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲವೆಂಬುದು ಎಲ್ಲರೂ ಬರೆದ ಸಂಗತಿ. ಅಯ್ಯೋ ಎಂಬ ಭಾವದಿಂದಲೋ, ಆಹಾ ಎಂಬ ಭಾವದಿಂದಲೋ ಬರೆದರು. ಆದರೆ ಹಾಸ್ಯವೆಂಬುದು ಕಾಲಪ್ರಮಾಣದ ಕಲೆ. ಎದುರಿನವನ ಮಾತು ಮುಗಿದ ಯಾವ ಕ್ಷಣದಲ್ಲಿ ಉತ್ತರ ಬೀಳಬೇಕು ಎಂಬುದರಲ್ಲಿ ಅದರ ಪ್ರಾಣವಿದೆ. ನರಸಿಂಹರಾಜು ಅವರು ಒಂದು ಕಡೆಯಿಂದ ಮಾತನ್ನು ಚೆಂಡಿನಂತೆ ಎಸೆಯುತ್ತಿರುವಾಗ, ಕಿವಿ ಮಂದವಾದ ಬಾಲಕೃಷ್ಣ ಅವರು ಅದನ್ನು ತಪ್ಪದೆ ಹಿಡಿದು ಹಿಂದಿರುಗಿಸುತ್ತಿದ್ದುದು ಹೇಗೆ? ತುಟಿಯನ್ನು ನೋಡಿಯೋ, ಉಸಿರನ್ನು ನೋಡಿಯೋ, ಎದುರಾಳಿಯ ಪಾಠವನ್ನೂ ಬಾಯಿಪಾಠ ಮಾಡಿಯೋ? ಕನ್ನಡ ಅಭಿನಯದ ಇತಿಹಾಸದಲ್ಲಿ ಇದಕ್ಕಿಂತ ಕುತೂಹಲಕರವಾದ ಪ್ರಶ್ನೆ ಮತ್ತೊಂದಿಲ್ಲ. ಅವರು ಬದುಕಿದ್ದಾಗ ಅವರ ಮುಂದೆ ಕುಳಿತು ಇದನ್ನು ಕೂಲಂಕಷವಾಗಿ ಕೇಳಿ ಬರೆದುಕೊಂಡ ಪತ್ರಿಕೆಯು ಸುಲಭವಾಗಿ ಕಾಣಸಿಗದು.

ಅವರ ಹೆಸರು ಈಚೆಗೆ ಪತ್ರಿಕೆಗಳಲ್ಲಿ ಬರುತ್ತಿಲ್ಲವೆಂದಲ್ಲ. ಬೆಂಗಳೂರಿನಲ್ಲಿ ಕೆಂಗೇರಿಯ ಸಮೀಪ ಅವರು ಕಟ್ಟಿದ ಅಭಿಮಾನ್ ಸ್ಟುಡಿಯೋದಲ್ಲಿ ೨೦೦೯ರ ಡಿಸೆಂಬರಿನಲ್ಲಿ ನಟ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆಯಿತು. ಅಲ್ಲಿದ್ದ ಅವರ ಸಮಾಧಿಸ್ಥಳವನ್ನು ೨೦೨೫ರ ಆಗಸ್ಟಿನಲ್ಲಿ ಕೆಡವಿದಾಗ ನಾಡೆಲ್ಲ ಗದ್ದಲವಾಯಿತು. ಆ ವರದಿಗಳಲ್ಲಿ ಬಾಲಕೃಷ್ಣ ಅವರ ಹೆಸರು ಬಂತು, ಜಮೀನಿನ ದಾಖಲೆಯ ಹೆಸರಾಗಿ. ಕನ್ನಡ ಚಿತ್ರಕ್ಕೆ ಕನ್ನಡ ನೆಲದಲ್ಲೊಂದು ಚಿತ್ರಶಾಲೆ ಬೇಕೆಂದು ಸಾಲಸೋಲ ಮಾಡಿದ ಹಾಸ್ಯನಟನು ತನ್ನ ಮರಣದ ಮೂವತ್ತು ವರ್ಷಗಳ ಮೇಲೆ ಪಹಣಿಯ ಒಂದು ಸಾಲಾದನು.

ಹಾಸ್ಯನಟನು ಹಾಸ್ಯವನ್ನು ಬಿಟ್ಟಾಗ ಮಾತ್ರ ಪತ್ರಿಕೆಗಳು ಅವನನ್ನು ನಟನೆಂದು ಗುರುತಿಸುವುವು. ಉಮಾಶ್ರೀಯವರು ಎಷ್ಟೋ ವರ್ಷಗಳ ಕಾಲ ನಗೆಯ ಪಾತ್ರಗಳಲ್ಲಿ ದುಡಿದರು. ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ೨೦೦೮ರಲ್ಲಿ ತೆಗೆದ ‘ಗುಲಾಬಿ ಟಾಕೀಸ್’ಗಾಗಿ ಅವರಿಗೆ ಶ್ರೇಷ್ಠನಟಿಯ ರಾಷ್ಟ್ರಪ್ರಶಸ್ತಿ ಬಂದಾಗ, ಅವರೊಳಗೆ ನಿಜವಾದ ನಟಿಯೊಬ್ಬಳು ಅಡಗಿದ್ದಳೆಂಬ ಧಾಟಿಯ ಮಾತುಗಳು ಕೇಳಿಬಂದುವು. ವೈಜನಾಥ ಬಿರಾದಾರ ಅವರದೂ ಇದೇ ಕಥೆ. ಬೀದರ ಜಿಲ್ಲೆಯ ಈ ನಟರು ಭಿಕ್ಷುಕನಾಗಿ, ಕುಡುಕನಾಗಿ, ಒಂದೆರಡು ನಿಮಿಷದ ನಗೆಯಾಗಿ ನೂರಾರು ಚಿತ್ರಗಳಲ್ಲಿ ಬಂದು ಹೋದರು. ಅದೇ ಕಾಸರವಳ್ಳಿಯವರ ‘ಕನಸೆಂಬ ಕುದುರೆಯನೇರಿ’ಯಲ್ಲಿ ಗೋರಿ ತೋಡುವ ಈರ್ಯನಾಗಿ ನಟಿಸಿ, ೨೦೧೧ರಲ್ಲಿ ಸ್ಪೇನ್ ದೇಶದ ಮ್ಯಾಡ್ರಿಡ್ ನಗರದ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಶ್ರೇಷ್ಠನಟರೆನಿಸಿದರು. ಆಗಲೇ ಪತ್ರಿಕೆಗಳಿಗೆ ಅವರ ಊರು, ಮನೆ, ಬಡತನ ಎಲ್ಲ ಜ್ಞಾಪಕಕ್ಕೆ ಬಂದುವು.

ಇಲ್ಲಿ ಕೇಳತಕ್ಕ ಪ್ರಶ್ನೆ ಒಂದೇ. ಗುಲಾಬಿಯನ್ನೂ ಈರ್ಯನನ್ನೂ ಹುಟ್ಟಿಸಿದ ಶಕ್ತಿ ಎಲ್ಲಿಂದ ಬಂತು? ಎರಡು ನಿಮಿಷದಲ್ಲಿ ಒಬ್ಬ ಮನುಷ್ಯನನ್ನು ಪೂರ್ತಿಯಾಗಿ ನಿಲ್ಲಿಸಿ, ಅವನ ನಡಿಗೆ, ಅವನ ಹಸಿವು, ಅವನ ಭಾಷೆಗಳನ್ನು ನೋಟಕನಿಗೆ ಮುಟ್ಟಿಸಿ ಮರೆಯಾಗಬೇಕಾದ ಶಿಕ್ಷಣವನ್ನು ಹಾಸ್ಯನಟರಲ್ಲದೆ ಬೇರಾರು ಪಡೆದಿರುವರು? ನಿರ್ದೇಶಕರೊಬ್ಬರಿಗೆ ಕಂಡುದು ನೂರು ಚಿತ್ರಗಳನ್ನು ವಿಮರ್ಶಿಸಿದವರಿಗೆ ಕಾಣದೆ ಹೋಯಿತು. ಪ್ರಶಸ್ತಿಯು ಬಂದ ಮೇಲೆ ಹಿಂದಿನ ಹಾಸ್ಯಪಾತ್ರಗಳನ್ನು ಹೊಸ ಕಣ್ಣಿನಿಂದ ನೋಡಬೇಕಾಗಿತ್ತು. ಬದಲಾಗಿ ಅವನ್ನು ಕಳೆದುಕೊಳ್ಳಬೇಕಾದ ಪಾಪವೆಂಬಂತೆ ಬದಿಗೊತ್ತಿದರು.

೫

ದೇಹಾಂತದ ಬರಹಗಳಿಗಿಂತ ಮೊದಲು ಅಪವಾದದ ಬರಹಗಳ ವಿಷಯವಾಗಿ ಒಂದು ಮಾತು ಹೇಳಬೇಕು. ಇವೆರಡೂ ಒಂದೇ ಹೊಟ್ಟೆಯ ಮಕ್ಕಳು. ಚಿತ್ರನಟರ ಮನೆಯ ಮಾತನ್ನು ಬೀದಿಯಲ್ಲಿ ಮಾರುವ ಪತ್ರಿಕೆ ಇಂದು ನಿನ್ನೆ ಹುಟ್ಟಿದುದಲ್ಲ. ಕನ್ನಡ ಚಿತ್ರಗಳೂ ತಯಾರಾಗುತ್ತಿದ್ದ ಮದರಾಸಿನಲ್ಲಿ ಸಿ. ಎನ್. ಲಕ್ಷ್ಮೀಕಾಂತನೆಂಬವನು ಇಂತಹ ಪತ್ರಿಕೆಗಳನ್ನು ನಡೆಸುತ್ತಿದ್ದು, ೧೯೪೪ರ ನವೆಂಬರಿನಲ್ಲಿ ಇರಿತಕ್ಕೆ ಗುರಿಯಾಗಿ ಸತ್ತನು. ತಮಿಳಿನ ಮಹಾ ಹಾಸ್ಯನಟರಾದ ಎನ್. ಎಸ್. ಕೃಷ್ಣನ್ ಅವರೂ ಗಾಯಕನಟರಾದ ಎಂ. ಕೆ. ತ್ಯಾಗರಾಜ ಭಾಗವತರೂ ಆ ಮೊಕದ್ದಮೆಯಲ್ಲಿ ಸಿಕ್ಕಿ ಶಿಕ್ಷೆಗೊಳಗಾದರು. ಪ್ರಿವಿ ಕೌನ್ಸಿಲಿನವರೆಗೆ ಹೋದ ವ್ಯಾಜ್ಯವು ಮತ್ತೆ ಹೈಕೋರ್ಟಿಗೆ ಬಂದು ೧೯೪೭ರಲ್ಲಿ ಇಬ್ಬರೂ ಬಿಡುಗಡೆಯಾದರು. ಕೊಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ ನಟರ ಮಾನವನ್ನೇ ಸರಕಾಗಿ ಮಾಡಿಕೊಂಡ ಪತ್ರಿಕೆಯಿಂದ ಎಷ್ಟು ಸಂಸಾರಗಳು ನರಳಬಹುದೆಂಬುದಕ್ಕೆ ಆ ಪ್ರಕರಣವು ಸಾಕ್ಷಿಯಾಗಿ ನಿಂತಿದೆ. ಹಣೆಯ ಮೇಲಿನ ಹೆಸರು ಬದಲಾಗಿದ್ದರೂ ಆ ವಂಶವು ನಿಂತಿಲ್ಲ.

ದ್ವಾರಕೀಶ್ ಅವರು ೨೦೨೪ರ ಏಪ್ರಿಲ್ ೧೬ರಂದು ತೀರಿಕೊಂಡರು. ಹುಣಸೂರಿನವರು; ೧೯೬೯ರಲ್ಲಿ ‘ಮೇಯರ್ ಮುತ್ತಣ್ಣ’ವನ್ನು ನಿರ್ಮಿಸಿದವರು; ೧೯೭೨ರ ‘ಕುಳ್ಳ ಏಜೆಂಟ್ ೦೦೦’ದಲ್ಲಿ ಕಿಶೋರ್ ಕುಮಾರ್ ಅವರಿಂದ ಕನ್ನಡ ಹಾಡಿಸಿದವರು; ೧೯೭೮ರಲ್ಲಿ ‘ಸಿಂಗಾಪುರದಲ್ಲಿ ರಾಜಾಕುಳ್ಳ’ಕ್ಕಾಗಿ ಕನ್ನಡದ ಚಿತ್ರೀಕರಣವನ್ನು ಮೊದಲ ಬಾರಿಗೆ ಕಡಲಾಚೆಗೆ ಒಯ್ದವರು; ೨೦೦೪ರ ‘ಆಪ್ತಮಿತ್ರ’ದಿಂದ ಬಿದ್ದ ಮನೆಯನ್ನು ಮತ್ತೆ ಎತ್ತಿದವರು. ಉದ್ಯಮಶೀಲತೆಯನ್ನೂ ನಟನೆಯನ್ನೂ ಕೂಡಿಸಿ ತೂಗತಕ್ಕ ಇಂತಹ ಬಾಳಿನ ವಿಷಯದಲ್ಲಿ ಸಾವಿನ ಮರುದಿನದ ಶೀರ್ಷಿಕೆಗಳು ಎತ್ತರದ ಮಾತನ್ನು ದಾಟಲು ತಿಣುಕಿದುವು. ಪಟ್ಟ ಸಾಲ, ಮಾರಿದ ಮನೆ, ಮುರಿದ ಗೆಳೆತನ ಇವು ಮುಂದಿನ ಪಂಕ್ತಿಗಳನ್ನು ತುಂಬಿದುವು. ಅವರ ಹಾಸ್ಯದ ಗುಣವೇನು, ನರಸಿಂಹರಾಜು ಅವರ ಅಂಜುಬುರುಕ ವಿನಯಕ್ಕೂ ಇವರ ಎದೆಗಾರ ತುಂಟತನಕ್ಕೂ ವ್ಯತ್ಯಾಸವೇನು, ಒಂದು ತಲೆಮಾರಿನ ನಗೆಯು ಇನ್ನೊಂದಕ್ಕೆ ಹೇಗೆ ದಾಟಿತು ಎಂದು ವಿವೇಚಿಸಲು ಅದೇ ಸಮಯವಾಗಿತ್ತು.

೬

ಪೂರ್ವಪಕ್ಷದವರು ಹೇಳುವ ಮಾತುಗಳನ್ನೂ ಕೇಳಬೇಕು.

ಓದುಗರಿಗೆ ಬೇಕಾದುದನ್ನೇ ಪತ್ರಿಕೆಯು ಕೊಡುವುದೆಂಬುದು ಅವರ ಮೊದಲನೆಯ ಮಾತು. ಇದು ಸುಳ್ಳೆಂಬುದಕ್ಕೆ ಕನ್ನಡ ಪತ್ರಿಕೆಗಳ ಇತಿಹಾಸವೇ ಪ್ರಮಾಣ. ರಾಶಿಯವರು ೧೯೪೨ರಲ್ಲಿ ಆರಂಭಿಸಿದ ‘ಕೊರವಂಜಿ’ಯು ನಗೆಗಾಗಿಯೇ ಮೀಸಲಾಗಿ ಇಪ್ಪತ್ತೈದು ವರ್ಷ ನಡೆಯಿತು. ಯಾರ ಅಂಗವೈಕಲ್ಯವನ್ನೂ ಆಡಿಕೊಳ್ಳದೆ ನಗಿಸುವುದನ್ನು ಅದು ಕನ್ನಡ ಮನೆಗಳಿಗೆ ಕಲಿಸಿತು. ಇದೇ ಸೀಮೆಯಲ್ಲಿ, ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ೧೯೮೦ರಲ್ಲಿ ‘ಕರ್ವಾಲೊ’ವನ್ನು ಕೊಟ್ಟರು; ನಗುತ್ತ ನಗುತ್ತ ಸೃಷ್ಟಿಯ ರಹಸ್ಯದವರೆಗೆ ಒಯ್ಯುವ ಆ ಕೃತಿಯನ್ನು ಓದುಗರು ಅಪ್ಪಿಕೊಂಡರು. ಗ್ರಂಥದಲ್ಲಿ ಹಾಸ್ಯವನ್ನು ಇಷ್ಟು ಗಂಭೀರವಾಗಿ ಸ್ವೀಕರಿಸಿದ ಓದುಗನು ಚಿತ್ರದ ಪುಟಕ್ಕೆ ಬಂದೊಡನೆ ಬುದ್ಧಿಯನ್ನು ಹೊರಗಿಟ್ಟು ಬರುವನೆಂದು ನಂಬುವುದು ಹೇಗೆ?

ಹಾಸ್ಯವು ಹುಟ್ಟುಗುಣ, ಅದರಲ್ಲಿ ವಿವೇಚಿಸತಕ್ಕ ವಿದ್ಯೆಯೇನೂ ಇಲ್ಲವೆಂಬುದು ಎರಡನೆಯದು. ಗುಬ್ಬಿ ವೀರಣ್ಣನವರು ‘ಸದಾರಮೆ’ಯ ಕಳ್ಳನ ಪಾತ್ರದಿಂದ ನಾಡನ್ನೇ ನಗಿಸಿದವರು. ಆ ಪಾತ್ರವನ್ನು ಅವರು ವರ್ಷವರ್ಷವೂ ಬೆಳೆಸಿದರು, ಊರೂರಿಗೆ ತಕ್ಕಂತೆ ತಿದ್ದಿದರು. ಹುಟ್ಟುಗುಣವಾಗಿದ್ದರೆ ತಿದ್ದುವ ಅವಶ್ಯಕತೆಯೇನಿತ್ತು? ಕನ್ನಡ ಪೂರ್ತಿ ಬಾರದ ತಮಿಳು ತುಳು ಮಾತಿನ ತೋಟದ ಆಳುಗಳು ಕೂಡ ಬಟವಾಡೆಯ ಸಂಜೆ ನರಸಿಂಹರಾಜು ಅವರನ್ನು ಕಂಡು ಬಿದ್ದು ಬಿದ್ದು ನಗುತ್ತಿದ್ದರೆಂದರೆ, ಮಾತು ಮುಟ್ಟದ ಕಡೆ ಅಭಿನಯವು ಮುಟ್ಟಿತೆಂದೇ ಅರ್ಥ. ಅದು ಹಲ್ಲಿನ ಮಹಿಮೆಯಲ್ಲ, ಆಂಗಿಕದ ಸಾಧನೆ.

ದ್ವಾರಕೀಶ್ ಅವರು ತಾವೇ ತಮ್ಮನ್ನು ಕುಳ್ಳನೆಂದು ಕರೆದುಕೊಳ್ಳಲಿಲ್ಲವೆ, ಚಿತ್ರಗಳಿಗೆ ಆ ಹೆಸರಿಡಲಿಲ್ಲವೆ ಎಂಬುದು ಮೂರನೆಯದು. ಹೌದು. ನಟನು ತನ್ನ ಮುಖಕ್ಕೆ ತಾನು ಬಣ್ಣ ಬಳಿದುಕೊಳ್ಳುವನು. ಅದು ಅವನ ವೃತ್ತಿಧರ್ಮ. ಆಟ ಮುಗಿದ ಮೇಲೆ ಅವನ ಮನೆಯ ಬಾಗಿಲಿಗೆ ಬಂದು ಮತ್ತೊಬ್ಬನು ಬಣ್ಣ ಬಳಿಯುವುದು ಯಾವ ಧರ್ಮ? ತನ್ನ ಕೊರತೆಯನ್ನು ತಾನೇ ಮುಂದಿಟ್ಟು ಲೋಕದ ಕೈಯಿಂದ ಕಲ್ಲನ್ನು ಕಸಿದುಕೊಂಡುದು ಅವರ ಜಾಣ್ಮೆ. ಕಸಿದುಕೊಂಡ ಕಲ್ಲನ್ನು ಮತ್ತೆ ಹೆಕ್ಕಿ ಶೀರ್ಷಿಕೆಯಲ್ಲಿ ಎಸೆಯುವುದು ಜಾಣ್ಮೆಯಲ್ಲ.

ಕಡೆಯ ಆಕ್ಷೇಪವೇ ಬಲವಾದುದು. ಕನ್ನಡ ಚಿತ್ರಗಳ ಹಾಸ್ಯದಲ್ಲಿ ಬಹುಭಾಗವು ಕೀಳಾದುದು, ದ್ವಂದ್ವಾರ್ಥದ ಮಾತು, ಹೆಂಗಸರ ಅವಹೇಳನ, ಅಂಗಹೀನರ ಪರಿಹಾಸ್ಯಗಳಿಂದ ತುಂಬಿದುದು, ಅದಕ್ಕೆ ಗೌರವವೇಕೆ? ಈ ದೂಷಣೆಯು ನಿಜ. ಆದರೆ ಇದಕ್ಕೆ ಹೊಣೆ ಯಾರು? ಸ್ಮಿತವನ್ನೂ ಅತಿಹಸಿತವನ್ನೂ ಒಂದೇ ವಾಕ್ಯದಿಂದ, ನಗಿಸುತ್ತಾರೆ ಎಂಬ ಒಂದೇ ಕ್ರಿಯಾಪದದಿಂದ ಮುಗಿಸಿದ ವಿಮರ್ಶೆಗೂ ಅದರಲ್ಲಿ ಪಾಲಿದೆ. ಚಿನ್ನವನ್ನೂ ಹಿತ್ತಾಳೆಯನ್ನೂ ಒಂದೇ ಬೆಲೆಗೆ ತೂಗುವ ಪೇಟೆಯಲ್ಲಿ ಚಿನ್ನ ತರುವವನು ಎಷ್ಟು ದಿನ ನಿಂತಾನು? ಹಲ್ಲನ್ನೂ ಎತ್ತರವನ್ನೂ ಮಾತ್ರ ಮೆಚ್ಚುವ ಪತ್ರಿಕೆಗಳನ್ನು ಓದಿ ಬೆಳೆದ ಹೊಸ ನಟನು ಅಭಿನಯವನ್ನು ಬಿಟ್ಟು ಅಂಗವನ್ನೇ ಮಾರಲು ಹೊರಟರೆ ಆ ತಪ್ಪು ಅವನೊಬ್ಬನದಲ್ಲ.

೭

ಆದುದರಿಂದ ಆಗಬೇಕಾದ ಕೆಲಸಗಳಿವೆ. ಅವು ದುಸ್ಸಾಧ್ಯವೂ ಅಲ್ಲ. ಪತ್ರಿಕೆಯವರು ಹಾಸ್ಯನಟನ ವಿಷಯ ಬರೆಯುವಾಗ ಪಾತ್ರದ ಹೆಸರನ್ನು ಹೇಳಲಿ. ಯಾವುದಾದರೂ ಒಂದು ದೃಶ್ಯವನ್ನು ಎತ್ತಿಕೊಂಡು ಅದರಲ್ಲಿ ನಗೆಯು ಹುಟ್ಟಿದ ಬಗೆಯನ್ನು ಬಿಡಿಸಲಿ. ಅವನ ಗುರುಗಳಾರು, ಕಂಪನಿ ಯಾವುದು, ಜೊತೆಗಾರರಾರು ಎಂದು ವಿಚಾರಿಸಲಿ. ಬದುಕಿರುವಾಗಲೇ ಅವನ ಮುಂದೆ ಕುಳಿತು ಅವನ ವಿದ್ಯೆಯನ್ನು ಅವನ ಮಾತಿನಲ್ಲಿಯೇ ಬರೆದಿಡಲಿ. ದೇಹದ ಮಾತು ಬೇಕೆನಿಸಿದರೆ ಅದನ್ನು ನಟನು ಹೇಗೆ ಬಳಸಿಕೊಂಡನೆಂಬ ವಿವೇಚನೆಯೊಡನೆ ಬರಲಿ.

ವಿದ್ಯಾವಂತರ ಮನೆಗಳಿಗೂ ಇಲ್ಲಿ ಹೊಣೆಯುಂಟು. ಹಾಸ್ಯನಟನ ಹೆಸರನ್ನು ಮಕ್ಕಳು ಎಳೆದಾಡುವಾಗ ದೊಡ್ಡವರೂ ಜೊತೆಗೂಡಿ ನಗುವುದು, ಅದೇ ಮಕ್ಕಳು ಶಾಲೆಯಲ್ಲಿ ಕುಳ್ಳ ಸಹಪಾಠಿಯನ್ನು ಗೇಲಿ ಮಾಡಿದಾಗ ಬಯ್ಯುವುದು — ಇವೆರಡೂ ಒಂದು ಮನೆಯಲ್ಲಿ ನಡೆಯಬಾರದು. ಪತ್ರಿಕೆಯಲ್ಲಿ ಹೀನವಾದ ಶೀರ್ಷಿಕೆ ಬಂದಾಗ ಸಂಪಾದಕರಿಗೆ ಒಂದು ಕಾಗದ ಬರೆಯುವುದಕ್ಕೆ ಅರ್ಧ ಗಂಟೆ ಸಾಕು. ಕಂಪನಿ ನಾಟಕಗಳನ್ನೂ ಡೇರೆ ಸಿನಿಮಾಗಳನ್ನೂ ಕಂಡ ಹಿರಿಯರು ಆಲ್ದೂರು, ಮೂಡಿಗೆರೆ, ಕಳಸದ ಮನೆಗಳಲ್ಲಿ ಇನ್ನೂ ಇದ್ದಾರೆ. ಯಾವ ಪಾತ್ರದ ಯಾವ ಮಾತಿಗೆ, ಯಾವ ನೋಟಕ್ಕೆ ತಾವು ನಕ್ಕೆವೆಂಬುದನ್ನು ಅವರು ಇಂದಿಗೂ ಅಭಿನಯಿಸಿ ತೋರಿಸಬಲ್ಲರು. ಪತ್ರಿಕೆಗಳು ಬರೆಯದೆ ಬಿಟ್ಟುದು ಅವರ ನೆನಪಿನಲ್ಲಿದೆ. ಜಿಲ್ಲೆಯ ಸಾಹಿತ್ಯ ಸಂಘಗಳು ಅದನ್ನು ಕೇಳಿ ಬರೆದುಕೊಳ್ಳುವ ಕಾರ್ಯವನ್ನು ಈ ಮಳೆಗಾಲದೊಳಗೆ ಕೈಗೊಳ್ಳಲಿ. ಮುಂದಿನ ಮಳೆಗಾಲಕ್ಕೆ ಆ ಹಿರಿಯರೆಲ್ಲರೂ ಇರುವರೆಂಬ ಭರವಸೆಯಿಲ್ಲ.